ಪ್ಲ್ಯಾನರ್ ಸಿಂಗಾರಕ್ಕೆ ಪೆನ್ನು, ಮಾರ್ಕರ್ ಆರಿಸುವುದು ಹೇಗೆ? ಕೊನೆಯ ಪುಟದಿಂದ ಶುರು ಮಾಡಿ

ನನ್ನ ಮೊದಲ ಪ್ಲ್ಯಾನರ್‌ನಲ್ಲಿ ಜನವರಿ ಪುಟ ಬಹಳ ಚಂದ ಬಂದಿತ್ತು. ತಿಂಗಳ ಹೆಸರನ್ನು ದಪ್ಪ ಮಾರ್ಕರ್‌ನಲ್ಲಿ ಬರೆದು, ಸುತ್ತ ಮಲ್ಲಿಗೆ ಬಳ್ಳಿ ಬಿಡಿಸಿ, ಎಲೆಗಳಿಗೆ ಹಸಿರು ತುಂಬಿದ್ದೆ. ಫೋಟೊ ತೆಗೆದು ತಂಗಿಗೆ ಕಳಿಸಿದ್ದೂ ಆಯಿತು. ಆಮೇಲೆ ಪುಟ ತಿರುವಿದೆ. ಹಿಂಬದಿಯಲ್ಲಿ ಇಡೀ ಜನವರಿ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಮೂಡಿತ್ತು. ಮುಂದಿನ ಹಾಳೆಯ ಮೇಲೂ ಹಸಿರು ಚುಕ್ಕೆಗಳು. ಫೆಬ್ರವರಿಗೆ ಜಾಗವೇ ಉಳಿದಿರಲಿಲ್ಲ.

ಆ ಪುಸ್ತಕ ಯಾರೋ ಹೊಸ ವರ್ಷಕ್ಕೆ ಕೊಟ್ಟ ತೆಳು ಹಾಳೆಯ ಡೈರಿ. ಮಾರ್ಕರ್ ರಟ್ಟಿನ ಡಬ್ಬಿಗಳ ಮೇಲೆ ವಿಳಾಸ ಬರೆಯುವ ಪರ್ಮನೆಂಟ್ ಜಾತಿಯದು. ಎರಡೂ ಅವುಗಳ ಕೆಲಸಕ್ಕೆ ಸರಿಯಾಗಿಯೇ ಇದ್ದವು. ಜಾತಕ ಮಾತ್ರ ಕೂಡಿ ಬರಲಿಲ್ಲ.

ಎಲ್ಲರೂ ಮಾಡುವ ತಪ್ಪು ಇದೇ. ಅಂಗಡಿಗೆ ಹೋಗುತ್ತೇವೆ, 48 ಬಣ್ಣದ ಡಬ್ಬಿ ಕಣ್ಣಿಗೆ ಬೀಳುತ್ತದೆ, ತಂದುಬಿಡುತ್ತೇವೆ. ಯಾವ ಹಾಳೆಯ ಮೇಲೆ ಬಳಸುತ್ತೇವೆ ಅನ್ನುವುದು ಆಮೇಲಿನ ಮಾತು. ನಾನು ಹೇಳುವುದು ಇದರ ತಿರುಗುಮುರುಗು. ಮೊದಲು ಹಾಳೆ ನೋಡಿ, ಆಮೇಲೆ ಪೆನ್ನು ಆರಿಸಿ. ಕೊಂಡ ಪ್ರತಿ ಪೆನ್ನನ್ನೂ ಮೊದಲು ಪುಸ್ತಕದ ಕೊನೆಯ ಪುಟದಲ್ಲಿ ಓಡಿಸಿ ನೋಡಿ. ಅಲ್ಲಿ ಪಾಸಾದದ್ದು ಮಾತ್ರ ಒಳಗೆ ಬರಲಿ.

ಮೊದಲು ಹಾಳೆಯ ಪರಿಚಯ

ಹಾಳೆಯ ತೂಕವನ್ನು ಜಿಎಸ್‌ಎಂ ಅನ್ನುವ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದೇ ಅದು. ಜೆರಾಕ್ಸ್ ಅಂಗಡಿಯ ಎ4 ಹಾಳೆ ಸಾಮಾನ್ಯವಾಗಿ 70ರಿಂದ 80 ಜಿಎಸ್‌ಎಂ. ಇದನ್ನೇ ಅಳತೆಗೋಲು ಮಾಡಿಕೊಳ್ಳಿ. ನಿಮ್ಮ ಪ್ಲ್ಯಾನರ್ ಹಾಳೆ ಬೆರಳಿಗೆ ಜೆರಾಕ್ಸ್ ಹಾಳೆಗಿಂತ ತೆಳುವಾಗಿ ಸಿಕ್ಕಿದರೆ ಬಾಲ್ ಪೆನ್ನು, ತೆಳು ಜೆಲ್ ಪೆನ್ನು, ಕಲರ್ ಪೆನ್ಸಿಲ್ ಇಷ್ಟಕ್ಕೇ ನಿಲ್ಲಿಸಿ. ಜೆರಾಕ್ಸ್‌ನಷ್ಟೇ ಇದ್ದರೆ ಒಂದೇ ದಪ್ಪದ ಸಣ್ಣ ಗೆರೆ ಎಳೆಯುವ ಫೈನ್‌ಲೈನರ್, ತಿಳಿ ಹೈಲೈಟರ್ ನಡೆಯುತ್ತದೆ. 100 ದಾಟಿದರೆ ಬ್ರಷ್ ಪೆನ್ನಿಗೂ ಧೈರ್ಯ ಮಾಡಬಹುದು. ಬುಲೆಟ್ ಜರ್ನಲ್, ಅಂದರೆ ಖಾಲಿ ಪುಸ್ತಕದಲ್ಲಿ ತಾವೇ ಗೆರೆ ಹಾಕಿ ಪ್ಲ್ಯಾನರ್ ಮಾಡಿಕೊಳ್ಳುವವರಿಗಾಗಿ 160 ಜಿಎಸ್‌ಎಂ ಚುಕ್ಕೆ ಹಾಳೆಯ ಪುಸ್ತಕಗಳೂ ಸಿಗುತ್ತವೆ. ಅವು ತೆಳು ಇನ್ವಿಟೇಶನ್ ಕಾರ್ಡಿನ ಹಾಗೆ ಗಟ್ಟಿ. ನೀರಿನ ಇಂಕು ಯಾವುದು ಬಳಿದರೂ ತಡೆಯುತ್ತವೆ, ಆದರೆ ಪುಸ್ತಕ ಇಟ್ಟಿಗೆಯಷ್ಟು ಭಾರ.

ಜಿಎಸ್‌ಎಂ ಜಾಸ್ತಿ ಇದ್ದ ಮಾತ್ರಕ್ಕೆ ಒಳ್ಳೆಯ ಹಾಳೆ ಅಂತ ಮಾತ್ರ ಅಂದುಕೊಳ್ಳಬೇಡಿ. ಜಪಾನಿನ ತೊಮೊಎ ರಿವರ್ ಅನ್ನುವ ಹಾಳೆ ಬರೀ 52 ಜಿಎಸ್‌ಎಂ. ಅಲ್ಲಿನ ಹೊಬೊನಿಚಿ ಪ್ಲ್ಯಾನರ್‌ಗಳು ಹೆಸರಾಗಿರುವುದೇ ಆ ಹಾಳೆಯಿಂದ. ಈರುಳ್ಳಿ ಸಿಪ್ಪೆಯಷ್ಟು ತೆಳು, ಆದರೂ ಇಂಕ್ ಪೆನ್ನಿನಲ್ಲಿ ಬರೆದರೆ ಹಿಂದಕ್ಕೆ ಇಳಿಯುವುದಿಲ್ಲ. ಹಾಳೆ ತಯಾರಿಸುವಾಗ ನೀರು ಬೇಗ ಹೀರದ ಹಾಗೆ ಒಂದು ಲೇಪ ಕೊಡುತ್ತಾರೆ. ಆ ಕೆಲಸ ಚೆನ್ನಾಗಿ ನಡೆದಿದ್ದರೆ ತೆಳು ಹಾಳೆಯೂ ತಡೆದುಕೊಳ್ಳುತ್ತದೆ. ಇದಕ್ಕೊಂದು ಬೆಲೆಯೂ ಉಂಟು. ಇಂಕು ಮೇಲೆಯೇ ನಿಲ್ಲುವುದರಿಂದ ಒಣಗಲು ಜಾಸ್ತಿ ಹೊತ್ತು ಬೇಕು.

ಮನೆಯಲ್ಲೇ ಪರೀಕ್ಷಿಸಲು ಕೊನೆಯ ಪುಟದ ಮೂಲೆಯಲ್ಲಿ ಬೆರಳ ತುದಿಯಿಂದ ಒಂದು ಹನಿ ನೀರಿಡಿ. ಹನಿ ಗುಂಡಗೆ ಕೆಲವು ಸೆಕೆಂಡು ನಿಂತರೆ ಹಾಳೆ ಒಳ್ಳೆಯದು. ಇಟ್ಟ ತಕ್ಷಣ ಒಳಗೆ ಇಳಿದು ಕಪ್ಪು ಕಲೆಯ ಹಾಗೆ ಹರಡಿದರೆ ಅದು ಮಸಿ ಹೀರುವ ಕಾಗದದ ತಮ್ಮ. ಅದರ ಮೇಲೆ ಯಾವ ದುಬಾರಿ ಮಾರ್ಕರ್ ಹಚ್ಚಿದರೂ ಸುಮ್ನೆ ದಂಡ.

ಕೊನೆಯ ಪುಟದ ಪರೀಕ್ಷೆ

ಈ ಪರೀಕ್ಷೆಗೆ ಹತ್ತು ನಿಮಿಷ ಸಾಕು. ಫಲಿತಾಂಶಕ್ಕೆ ಮಾತ್ರ ಮರುದಿನ ಬೆಳಗಿನವರೆಗೆ ಕಾಯಬೇಕು.

ಮೊದಲು ಪುಟದ ಎಡಗಡೆ ಪೆನ್ನಿನ ಹೆಸರು, ಅಳತೆ ಬರೆದುಕೊಳ್ಳಿ. ಪಕ್ಕದಲ್ಲಿ ಅದೇ ಪೆನ್ನಿನಿಂದ ಒಂದು ಪದ ಬರೆಯಿರಿ. ನನ್ನ ಪದ ಯಾವಾಗಲೂ ಒಂದೇ: 'ವರಮಹಾಲಕ್ಷ್ಮಿ'. ಯಾಕೆ ಅಂತ ಮುಂದೆ ಹೇಳುತ್ತೇನೆ. ಆಮೇಲೆ ಸ್ಕೇಲು ಇಟ್ಟು ಒಂದು ಗೆರೆ ಎಳೆಯಿರಿ. ಕೊನೆಗೆ ಹೆಬ್ಬೆರಳ ಉಗುರಿನಷ್ಟು ಚೌಕ ಹಾಕಿ, ಬಣ್ಣ ತುಂಬಿ, ಅದರ ಅರ್ಧ ಭಾಗಕ್ಕೆ ಇನ್ನೊಂದು ಸಲ ಬಳಿಯಿರಿ. ಹಾಳೆ ಸೋಲುವುದು ಸಾಮಾನ್ಯವಾಗಿ ಈ ಎರಡನೇ ಪದರದಲ್ಲಿ.

ಈಗ ಬರೆದ ಪದದ ಮೇಲೆ ಐದು ಸೆಕೆಂಡಿಗೆ ಒಮ್ಮೆ, ಹದಿನೈದಕ್ಕೆ ಒಮ್ಮೆ, ಮೂವತ್ತಕ್ಕೆ ಒಮ್ಮೆ ಬೆರಳು ಎಳೆಯಿರಿ. ಪ್ರತಿ ಸಲವೂ ಬೇರೆ ಅಕ್ಷರದ ಮೇಲೆ, ಬೇರೆ ಬೆರಳಿನಿಂದ. ಎಷ್ಟು ಹೊತ್ತಿಗೆ ಒಣಗುತ್ತದೆ ಅನ್ನುವುದು ತಿಳಿಯುತ್ತದೆ. ಐದು ನಿಮಿಷ ಬಿಟ್ಟು ಹೈಲೈಟರ್ ಒಂದು ಸಲ ಹಾಯಿಸಿ. ಇನ್ನೊಂದು ಕಡೆ ಒದ್ದೆ ಬೆರಳಿನಿಂದ ಮುಟ್ಟಿ. ಗೆರೆ ಕದಲದಿದ್ದರೆ ಅದು ಪಿಗ್ಮೆಂಟ್ ಇಂಕು, ಅಂದರೆ ನೀರಿಗೆ ಜಗ್ಗದ್ದು ಅಂತ ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು. ಕರಗಿ ಮೋಡ ಕಟ್ಟಿದರೆ ಡೈ ಇಂಕು.

ಬೆಳಿಗ್ಗೆ ಎದ್ದು ಹಾಳೆ ತಿರುವಿ ನೋಡಿ. ಮೂರು ಬಗೆಯ ತೊಂದರೆ ಕಾಣಬಹುದು. ಹಿಂಬದಿಯಲ್ಲಿ ಬರಹದ ನೆರಳು ಮಾತ್ರ ಕಂಡರೆ ಚಿಂತೆ ಇಲ್ಲ, ಎರಡೂ ಬದಿ ಬಳಸಬಹುದು. ಬಣ್ಣವೇ ಚುಕ್ಕೆ ಚುಕ್ಕೆಯಾಗಿ ಆಚೆ ಬದಿಗೆ ಇಳಿದಿದ್ದರೆ ಆ ಪೆನ್ನು ಈ ಪುಸ್ತಕಕ್ಕೆ ಬೇಡ. ಮೂರನೆಯದು ಮುಂಬದಿಯ ತೊಂದರೆ. ಗೆರೆಯ ಅಂಚಿಗೆ ಸಣ್ಣ ಸಣ್ಣ ಬೇರು ಬಿಟ್ಟ ಹಾಗೆ ಇಂಕು ಹರಡಿರುತ್ತದೆ. ಕಣ್ಣಿಗೆ ಮೊದಲು ಗೊತ್ತಾಗುವುದಿಲ್ಲ, ಅಕ್ಷರ ಯಾಕೋ ಮಂಕಾಗಿ ಕಾಣುತ್ತಿದೆ ಅನ್ನಿಸುತ್ತದೆ ಅಷ್ಟೇ. ಮೊಬೈಲ್ ಕ್ಯಾಮೆರಾ ಹತ್ತಿರ ಹಿಡಿದು ನೋಡಿದರೆ ಬೇರುಗಳೆಲ್ಲ ಕಾಣುತ್ತವೆ.

ಮಳೆಗಾಲದಲ್ಲಿ ಈ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಮಂಗಳೂರು, ಉಡುಪಿ, ಮಲೆನಾಡಿನ ಕಡೆ ಜುಲೈ ತಿಂಗಳ ಹಾಳೆ ಮಾರ್ಚ್ ತಿಂಗಳ ಹಾಳೆಯಲ್ಲ. ಗಾಳಿಯ ತೇವ ಕುಡಿದು ಮೆತ್ತಗಾಗಿರುತ್ತದೆ. ಬೇಸಿಗೆಯಲ್ಲಿ ಪಾಸಾದ ಪೆನ್ನು ಆಗ ಫೇಲಾಗುವುದುಂಟು.

ದಿನದ ಬರವಣಿಗೆಗೆ ಪೆನ್ನು

ಅಲಂಕಾರ ಅಂದ ಕೂಡಲೇ ಎಲ್ಲರೂ ಬಣ್ಣದ ಕಡೆ ಓಡುತ್ತಾರೆ. ಆದರೆ ಪುಟದ ಬಹುಪಾಲು ತುಂಬುವುದು ಕಪ್ಪು ಬರಹ. ಅದು ಗಲೀಜಾಗಿದ್ದರೆ ಸುತ್ತ ಎಷ್ಟು ಹೂವು ಬಿಡಿಸಿದರೂ ಅಷ್ಟೇ. ಅದಕ್ಕೇ ದುಡ್ಡು ಮೊದಲು ಈ ಪೆನ್ನಿಗೆ ಹಾಕಿ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ವಿಶೇಷ ತೊಡಕಿದೆ. ಪೆನ್ನು ಕೊಳ್ಳುವ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಅಕ್ಷರ ಬರೆಯುವವರದು. ನಮ್ಮ ಅಕ್ಷರಕ್ಕೆ ಹೊಟ್ಟೆ ಇದೆ, ತಲೆಕಟ್ಟು ಇದೆ, ಕೆಳಗೆ ಒತ್ತು ನೇತಾಡುತ್ತದೆ. 'ವರಮಹಾಲಕ್ಷ್ಮಿ' ಬರೆದು ನೋಡಿ. ಕೊನೆಯ ಅಕ್ಷರದಲ್ಲಿ ಕ ಮೇಲೆ ಗುಡಿಸು, ಕೆಳಗೆ ಷ ಒತ್ತು, ಅದರ ಪಕ್ಕ ಮ ಒತ್ತು. ಇಷ್ಟೂ ಒಂದೇ ಅಕ್ಷರದ ಜಾಗದಲ್ಲಿ ಕೂರಬೇಕು. ಚುಕ್ಕೆ ಹಾಳೆಯ ಪುಸ್ತಕಗಳಲ್ಲಿ ಚುಕ್ಕೆಯಿಂದ ಚುಕ್ಕೆಗೆ ಸಾಮಾನ್ಯವಾಗಿ 5 ಮಿಲಿಮೀಟರ್. ಆ ಐದರೊಳಗೆ ಅಕ್ಷರವೂ ಒತ್ತೂ ಎರಡೂ ಬರಬೇಕು ಅಂದರೆ ಅಕ್ಷರದ ಮೈಗೆ ಉಳಿಯುವುದು 3 ಮಿಲಿಮೀಟರ್ ಆಸುಪಾಸು. 1.0 ಮಿಲಿಮೀಟರ್ ಪೆನ್ನಿನಲ್ಲಿ ಬರೆದರೆ 'ಷ'ದ ಹೊಟ್ಟೆಯೊಳಗಿನ ಗೀಟು ಮುಚ್ಚಿಹೋಗುತ್ತದೆ, 'ಣ' ಒಂದು ಉಂಡೆಯಾಗುತ್ತದೆ. 'ದ'ಕ್ಕೂ 'ಧ'ಕ್ಕೂ ವ್ಯತ್ಯಾಸವೇ ತಿಳಿಯುವುದಿಲ್ಲ. ನನ್ನ ಪರೀಕ್ಷೆಯ ಪದ ಇದಾಗಿರುವುದು ಅದಕ್ಕೇ. ಒತ್ತಿನ ಒಳಗೆ ಬಿಳಿ ಜಾಗ ಉಳಿದರೆ ಆ ಪೆನ್ನು ಕನ್ನಡಕ್ಕೆ ಆಗುತ್ತದೆ.

ಜೆಲ್ ಪೆನ್ನಾದರೆ 0.5 ತೆಗೆದುಕೊಳ್ಳಿ. ಅಕ್ಷರ ಸಣ್ಣದಿದ್ದರೆ 0.38. ಇನ್ನೂ ಕೆಳಗೆ ಇಳಿಯಬೇಡಿ. ಒರಟು ಹಾಳೆಯ ಮೇಲೆ ತುದಿ ಗೀರುತ್ತದೆ, ಗುಂಡಗಿನ ಅಕ್ಷರ ತಿರುಗಿಸುವಾಗ ತಡವರಿಸುತ್ತದೆ.

ಪೆನ್ನಿನ ಮೇಲೆ ಬರೆದ ಅಳತೆಗಳನ್ನು ಒಂದಕ್ಕೊಂದು ಹೋಲಿಸುವಾಗ ಹುಷಾರು. ಜೆಲ್ ಪೆನ್ನು, ಬಾಲ್ ಪೆನ್ನುಗಳ ಮೇಲೆ ಇರುವುದು ತುದಿಯ ಗುಂಡಿನ ಅಳತೆ. ಗೆರೆ ಅದಕ್ಕಿಂತ ತೆಳುವಾಗಿ ಬರುತ್ತದೆ. ಫೈನ್‌ಲೈನರ್‌ಗಳ ಮೇಲೆ ಇರುವುದು ಹೆಚ್ಚಾಗಿ ಗೆರೆಯದೇ ಅಳತೆ. ಹಾಗಾಗಿ 0.5 ಜೆಲ್ ಪೆನ್ನೂ 0.3 ಫೈನ್‌ಲೈನರೂ ಹಾಳೆಯ ಮೇಲೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಸಕುರಾ ಪಿಗ್ಮಾ ಮೈಕ್ರಾನ್ ಪೆನ್ನುಗಳ ಲೆಕ್ಕವಂತೂ ಇನ್ನೂ ಬೇರೆ. ಅದರ ಮೇಲೆ 01 ಅಂತಿದ್ದರೆ ಗೆರೆ 0.25 ಮಿಲಿಮೀಟರ್, 03 ಅಂದರೆ 0.35, 05 ಅಂದರೆ 0.45, 08 ಅಂದರೆ 0.5. 01 ಅಂದರೆ 0.1 ಅಂದುಕೊಂಡು ತಂದು ಮೋಸ ಹೋದವರಲ್ಲಿ ನಾನೂ ಒಬ್ಬ.

ಜೆಲ್ ಬೇಕೋ ಫೈನ್‌ಲೈನರ್ ಬೇಕೋ? ನನ್ನ ಮಾತು ಕೇಳಿದರೆ ಎರಡೂ ಒಂದೊಂದು ಇರಲಿ. ಬರೆಯಲು ಜೆಲ್, ಗೆರೆ ಹಾಕಿ ಚಿತ್ರ ಬಿಡಿಸಲು ಫೈನ್‌ಲೈನರ್. ಹತ್ತು ರೂಪಾಯಿಯ ಜೆಲ್ ಪೆನ್ನುಗಳಲ್ಲಿ ಚೆನ್ನಾಗಿ ಬರೆಯುವವು ಎಷ್ಟೋ ಇವೆ. ಫೈನ್‌ಲೈನರ್‌ನಲ್ಲಿ ಮಾತ್ರ ಪಿಗ್ಮೆಂಟ್ ಇಂಕಿನದನ್ನೇ ಕೇಳಿ ತೆಗೆದುಕೊಳ್ಳಿ. ಪಿಗ್ಮಾ ಮೈಕ್ರಾನ್, ಯೂನಿ ಪಿನ್ ಆ ಜಾತಿಯವು. ಒಣಗಿದ ಮೇಲೆ ಹೈಲೈಟರ್ ಹಚ್ಚಿದರೂ ಅಲುಗುವುದಿಲ್ಲ. ಒಂದಕ್ಕೆ ನೂರು ರೂಪಾಯಿಯ ಆಚೀಚೆ ಆಗುತ್ತದೆ, ಆದರೆ ಒಂದೇ ಸಾಕು. ಸ್ಟೇಡ್ಲರ್ ಟ್ರಿಪ್ಲಸ್, ಸ್ಟೆಬಿಲೊ ಪಾಯಿಂಟ್ 88 ಬಣ್ಣ ಬಣ್ಣದ ಫೈನ್‌ಲೈನರ್‌ಗಳು. ಮೊದಲನೆಯದು 0.3, ಎರಡನೆಯದು 0.4. ಬಣ್ಣದ ಬರಹಕ್ಕೆ ಬಲು ಚೆನ್ನ, ಆದರೆ ನೀರಿಗೆ ಕರಗುತ್ತವೆ. ಅವುಗಳ ಮೇಲೆ ಹೈಲೈಟರ್ ಆಡಿಸಬೇಡಿ.

ಸ್ಕೇಲು ಇಟ್ಟು ಗೆರೆ ಎಳೆಯುವಾಗ ಇಂಕು ಸ್ಕೇಲಿನ ಅಡಿಗೆ ನುಗ್ಗಿ ಹಾಳೆ ಕೊಳೆ ಮಾಡುತ್ತದೆ ಅಲ್ವಾ? ಸ್ಕೇಲಿನ ಹಿಂಬದಿಗೆ, ಅಂಚಿನಿಂದ ಸ್ವಲ್ಪ ಒಳಗೆ, ಸೆಲೊಟೇಪನ್ನು ನಾಲ್ಕೈದು ಪದರ ಅಂಟಿಸಿ. ಅಂಚು ಕೂದಲೆಳೆಯಷ್ಟು ಮೇಲೆ ಏಳುತ್ತದೆ, ಇಂಕು ಅದಕ್ಕೆ ತಾಕುವುದಿಲ್ಲ.

ಎಡಗೈಯಲ್ಲಿ ಬರೆಯುವವರು ಜೆಲ್ ಪೆನ್ನಿನ ಮೋಹ ಸ್ವಲ್ಪ ಕಡಿಮೆ ಮಾಡಿಕೊಳ್ಳುವುದು ಒಳ್ಳೆಯದು. ಬರೆದ ಹಸಿ ಅಕ್ಷರದ ಮೇಲೆಯೇ ಕೈ ಸಾಗುತ್ತದೆ. ಬಾಲ್ ಪೆನ್ನಿನ ಇಂಕು ಎಣ್ಣೆಯಂಶದ್ದು, ಬೇಗ ಕೂರುತ್ತದೆ, ಹರಡುವುದೂ ಇಲ್ಲ. ಅಲಂಕಾರ ಮಾಡುವವರು ಬಾಲ್ ಪೆನ್ನನ್ನು ಯಾಕೋ ಕೀಳಾಗಿ ನೋಡುತ್ತಾರೆ. ತೆಳು ಹಾಳೆಯ ಡೈರಿಗೆ ಅದಕ್ಕಿಂತ ಒಳ್ಳೆಯ ಗೆಳೆಯ ಇಲ್ಲ.

ಇಂಕ್ ಪೆನ್ನಿನ ಹುಚ್ಚಿರುವವರು ಸಣ್ಣ ನಿಬ್ಬು ಹಾಕಿಕೊಳ್ಳಿ, ಪುಟಗಳ ನಡುವೆ ಮಸಿ ಹೀರುವ ಕಾಗದದ ತುಂಡೊಂದು ಇಟ್ಟುಕೊಳ್ಳಿ.

ಹೈಲೈಟರ್: ಮೊದಲು ಬಣ್ಣ, ಆಮೇಲೆ ಬರಹ

ಕಣ್ಣು ಕುಕ್ಕುವ ಹಳದಿ, ಗುಲಾಬಿ ಹೈಲೈಟರ್‌ಗಳು ಪರೀಕ್ಷೆಗೆ ಓದುವವರಿಗಿರಲಿ. ಪ್ಲ್ಯಾನರ್‌ನಲ್ಲಿ ಅವು ಪುಟವಿಡೀ ಕಿರುಚುತ್ತವೆ. ಬಿಸಿಲಿಗೆ ಬೇಗ ಮಾಸುತ್ತವೆ ಕೂಡ. ಜೀಬ್ರಾ ಮೈಲ್ಡ್‌ಲೈನರ್ ಥರದ ತಿಳಿ ಬಣ್ಣದವು ಒಳ್ಳೆಯದು. ಅದಕ್ಕೆ ಒಂದು ಕಡೆ ಚಪ್ಪಟೆ ತುದಿ, ಇನ್ನೊಂದು ಕಡೆ ಸಣ್ಣ ಗುಂಡು ತುದಿ. ಅದೇ ಮಾದರಿಯ ತಿಳಿ ಬಣ್ಣಗಳನ್ನು ನಮ್ಮ ದೇಶದ ಕಂಪನಿಗಳೂ ಈಗ ಕಡಿಮೆ ಬೆಲೆಗೆ ಮಾಡುತ್ತಿವೆ. ಎರಡನ್ನೂ ಕೊನೆಯ ಪುಟದಲ್ಲಿ ಪಕ್ಕ ಪಕ್ಕ ಇಟ್ಟು ನೋಡಿ. ದೊಡ್ಡ ವ್ಯತ್ಯಾಸ ಕಾಣದಿದ್ದರೆ ಅಗ್ಗದ್ದನ್ನೇ ಬಳಸಿ.

ನನ್ನದೊಂದು ಯುಗಾದಿ ಪುಟ ಹಾಳಾದದ್ದು ಇಲ್ಲಿಯೇ. ಜೆಲ್ ಪೆನ್ನಿನಲ್ಲಿ 'ಯುಗಾದಿ' ಅಂತ ಬರೆದು, ಒಣಗಿತು ಅಂದುಕೊಂಡು ಮೇಲೆ ಹಳದಿ ಎಳೆದೆ. ಯುಗಾದಿ ಉದ್ದಕ್ಕೂ ಬಾಲ ಬಿಟ್ಟುಕೊಂಡು ಓಡಿತು. ಹೈಲೈಟರ್‌ನ ತುದಿ ಕಪ್ಪಾಗಿ, ಆಮೇಲೆ ಎಳೆದದ್ದೆಲ್ಲ ಕೊಳಕು ಹಸಿರು. ತುದಿ ಹೀಗೆ ಕೊಳೆಯಾದರೆ ಗಾಬರಿ ಬೇಡ. ರದ್ದಿ ಹಾಳೆಯ ಮೇಲೆ ಬಣ್ಣ ತಿಳಿಯಾಗುವವರೆಗೆ ಗೀಚಿ, ಕೊಳೆ ಬಿಟ್ಟುಕೊಡುತ್ತದೆ.

ಅಂದಿನಿಂದ ನಾನು ಕ್ರಮ ಬದಲಿಸಿದೆ. ಮೊದಲು ಹೈಲೈಟರ್‌ನಲ್ಲಿ ಪಟ್ಟಿ ಎಳೆಯುತ್ತೇನೆ. ಎರಡು ನಿಮಿಷ ಒಣಗಲು ಬಿಡುತ್ತೇನೆ. ಆಮೇಲೆ ಅದರ ಮೇಲೆ ಬರೆಯುತ್ತೇನೆ. ಗಲೀಜಾಗುವ ಪ್ರಶ್ನೆಯೇ ಬರುವುದಿಲ್ಲ. ಮೊದಲೇ ಬರೆದಾಗಿದೆ, ಈಗ ಬಣ್ಣ ಬೇಕು ಅಂದರೆ ಕಲರ್ ಪೆನ್ಸಿಲ್ ಹಿಡಿಯಿರಿ. ನೀರಿಲ್ಲದ ಬಣ್ಣ, ಯಾವ ಇಂಕನ್ನೂ ಕದಲಿಸುವುದಿಲ್ಲ.

ಒಂದೇ ಒಂದು ಬಣ್ಣ ಕೊಳ್ಳುತ್ತೇನೆ ಅನ್ನುವವರಿಗೆ ನಾನು ಹೇಳುವುದು ತಿಳಿ ಬೂದು. ಕಪ್ಪು ತಲೆಬರಹದ ಪ್ರತಿ ಗೆರೆಗೂ ಬಲಕ್ಕೆ ಮತ್ತು ಕೆಳಕ್ಕೆ ಒಂದು ಬೂದು ಗೆರೆ ಒತ್ತಿಸಿ ಎಳೆಯಿರಿ. ಅಕ್ಷರ ಹಾಳೆಯಿಂದ ಎದ್ದು ನಿಂತ ಹಾಗೆ ಕಾಣುತ್ತದೆ. ಚಿತ್ರ ಬಿಡಿಸಲು ಬಾರದವರೂ ಮಾಡಬಹುದಾದ ಅಲಂಕಾರ ಇದು. ಕನ್ನಡದ ಗುಂಡು ಅಕ್ಷರಗಳಿಗಂತೂ ಇದು ಬಹಳ ಒಪ್ಪುತ್ತದೆ. ಆದರೆ ಮೊದಲೇ ಬರೆದ ಅಕ್ಷರದ ಪಕ್ಕ ಎಳೆಯುವ ಕೆಲಸವಾದ್ದರಿಂದ, ಆ ಅಕ್ಷರ ಪಿಗ್ಮೆಂಟ್ ಇಂಕಿನದೇ ಆಗಿರಲಿ.

ತಲೆಬರಹಕ್ಕೆ ಬ್ರಷ್ ಪೆನ್ನು

ಬ್ರಷ್ ಪೆನ್ನು ಅಂದರೆ ಒತ್ತಿದರೆ ದಪ್ಪ, ಹಗುರ ಬಿಟ್ಟರೆ ತೆಳು. ತಿಂಗಳ ಹೆಸರು, ವಾರದ ಹೆಸರು ಬರೆಯಲು ಇದೇ ಚಂದ. ಮಾರುಕಟ್ಟೆಯಲ್ಲಿ ದೊಡ್ಡ ತುದಿಯವು ಜಾಸ್ತಿ ಸಿಗುತ್ತವೆ, ನೋಡಲೂ ಸೊಗಸು. ಟೊಂಬೊ ಡ್ಯುಯಲ್ ಬ್ರಷ್ ಅದರಲ್ಲಿ ಹೆಸರುವಾಸಿ. ಒಂದು ಕಡೆ ಉದ್ದ ಬ್ರಷ್, ಇನ್ನೊಂದು ಕಡೆ 0.8ರ ಸಣ್ಣ ತುದಿ. ಆದರೆ ಅಷ್ಟು ದೊಡ್ಡ ಬ್ರಷ್ಷಿನಲ್ಲಿ ಬರೆದರೆ ಒಂದೊಂದು ಅಕ್ಷರ ಎರಡು ಸೆಂಟಿಮೀಟರ್ ಆಗುತ್ತದೆ. ಎ4ರ ಅರ್ಧದಷ್ಟಿರುವ ಎ5 ಪುಟದಲ್ಲಿ 'ಸೆಪ್ಟೆಂಬರ್' ಬರೆಯುವಷ್ಟರಲ್ಲಿ ಪುಟವೇ ಮುಗಿಯುತ್ತದೆ!

ಪ್ಲ್ಯಾನರ್‌ಗೆ ಸಣ್ಣ ತುದಿಯ ಬ್ರಷ್ ಪೆನ್ನೇ ಸರಿ. ಟೊಂಬೊ ಫುಡೆನೊಸುಕೆ, ಪೆಂಟೆಲ್ ಸೈನ್ ಟಚ್ ಇವು ಆ ಬಗೆಯವು. ಫುಡೆನೊಸುಕೆಯಲ್ಲಿ ಗಟ್ಟಿ ತುದಿ, ಮೆತ್ತನೆಯ ತುದಿ ಅಂತ ಎರಡು ಬರುತ್ತವೆ. ಹೊಸಬರು ಗಟ್ಟಿಯದನ್ನೇ ತೆಗೆದುಕೊಳ್ಳಿ. ಕೈ ಸ್ವಲ್ಪ ಆಚೀಚೆ ಒತ್ತಿದರೂ ತುದಿ ಎದುರು ನಿಲ್ಲುತ್ತದೆ, ಅಕ್ಷರ ಕೈತಪ್ಪುವುದಿಲ್ಲ. ಕ್ಯಾಮ್ಲಿನ್, ಡೋಮ್ಸ್ ಬ್ರಷ್ ಪೆನ್ನುಗಳು ಊರಿನ ಅಂಗಡಿಯಲ್ಲೂ ಸಿಗುತ್ತವೆ. ಬಣ್ಣ ತುಂಬಲು, ಕೈ ಪಳಗಿಸಲು ಅವು ಸಾಕು.

ಕೆಳಗೆ ಇಳಿಯುವಾಗ ಒತ್ತಿ, ಮೇಲೆ ಏರುವಾಗ ಹಗುರ ಮಾಡಿ ಅನ್ನುವುದು ಇಂಗ್ಲಿಷ್ ಅಕ್ಷರದ ಪಾಠ. ಕನ್ನಡಕ್ಕೆ ಅದನ್ನು ಹಾಗೇ ತಂದರೆ ಅಕ್ಷರ ಒಂದು ಕಡೆ ವಾಲಿದ ಹಾಗೆ ಕಾಣುತ್ತದೆ. ನಾನು ಕಂಡುಕೊಂಡದ್ದು ಹೀಗೆ. ಅಕ್ಷರದ ಹೊಟ್ಟೆಗೆ ಪೂರ್ತಿ ಒತ್ತಡ, ತಿರುವಿನಲ್ಲಿ ಹಗುರ. ತಲೆಕಟ್ಟು ಕೊನೆಯಲ್ಲಿ, ಎಡದಿಂದ ಬಲಕ್ಕೆ ತೆಳುವಾಗಿ ಶುರುವಾಗಿ ದಪ್ಪಗೆ ಮುಗಿಯಬೇಕು. ಒತ್ತುಗಳನ್ನು ಬ್ರಷ್ಷಿನ ಬರೀ ತುದಿಯಿಂದ ಬರೆಯಿರಿ. 'ಗ' ಅಕ್ಷರದಿಂದ ಶುರು ಮಾಡಿ. ಒಂದು ಕಮಾನು, ಮೇಲೊಂದು ತಲೆಕಟ್ಟು, ಮುಗಿಯಿತು. ಹತ್ತು ಸಾಲು 'ಗ' ಬರೆದ ಮೇಲೆ 'ನ', 'ತ', ಆಮೇಲೆ 'ಮ'ಕ್ಕೆ ಹೋಗಿ.

ಅಭ್ಯಾಸಕ್ಕೆ ಒರಟು ಹಾಳೆ ಬೇಡ. ಜೆರಾಕ್ಸ್ ಹಾಳೆ ನಮಗೆ ನುಣುಪು ಅನ್ನಿಸಿದರೂ ಬ್ರಷ್ ತುದಿಗೆ ಅದು ಉಪ್ಪುಕಾಗದ. ಕೈಯಿಂದ ಮಾಡಿದ ಕಾಗದವಂತೂ ಒಂದೇ ವಾರದಲ್ಲಿ ತುದಿಯನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಂತೆ ಮಾಡಿಬಿಡುತ್ತದೆ. ಹಳೆಯ ಕ್ಯಾಲೆಂಡರಿನ ಹಿಂಬದಿ ನುಣುಪಾಗಿದ್ದರೆ ಅದನ್ನೇ ಬಳಸಿ. ಖರ್ಚೂ ಇಲ್ಲ.

ಬಿಳಿ, ಚಿನ್ನ, ಬೆಳ್ಳಿ

ಬಿಳಿ ಜೆಲ್ ಪೆನ್ನು ಒಂದಿರಲಿ. ಬಣ್ಣ ತುಂಬಿದ ಎಲೆಗೆ ನರ ಬಿಡಿಸಲು, ದಪ್ಪ ಅಕ್ಷರದ ಮೇಲೆ ಹೊಳಪಿನ ಗೀಟು ಹಾಕಲು, ಜೊತೆಗೆ ತಪ್ಪು ಮುಚ್ಚಲು ಬರುತ್ತದೆ. ಸಕುರಾ ಜೆಲ್ಲಿ ರೋಲ್ ಬಿಳಿ 05, 08, 10 ಅಂತ ಮೂರು ಅಳತೆಯಲ್ಲಿ ಬರುತ್ತದೆ. 10 ದಪ್ಪದ್ದು, ಚೆನ್ನಾಗಿ ಕಾಣುತ್ತದೆ. ಜೆಲ್ ಇಂಕಿನ ಪೆನ್ನು ಅನ್ನುವುದು ಶುರುವಾದದ್ದೇ ಈ ಸಕುರಾ ಕಂಪನಿಯಿಂದ, 1984ರಲ್ಲಿ. ಬಿಳಿ ಪೆನ್ನು ನಡುನಡುವೆ ಮುನಿಸಿಕೊಳ್ಳುವುದು ಮಾಮೂಲು. ಅಂಗೈಯಲ್ಲಿ ತುದಿಯನ್ನು ಎರಡು ಸುತ್ತು ಉರುಳಿಸಿದರೆ ಮತ್ತೆ ಬರುತ್ತದೆ. ಒಣಗಲು ಪೂರ್ತಿ ಒಂದು ನಿಮಿಷ ಬಿಡಿ.

ಯೂನಿ ಪೊಸ್ಕಾ ಥರದ ಪೇಂಟ್ ಮಾರ್ಕರ್ ಹಾಳೆಯ ಹಿಂದಕ್ಕೆ ಇಳಿಯುವುದು ಕಡಿಮೆ, ಬಣ್ಣ ಮೇಲೆಯೇ ಕೂರುತ್ತದೆ. ಅದೇ ಅದರ ತೊಂದರೆಯೂ ಹೌದು. ತೆಳು ಹಾಳೆ ಮುದುಡಿಕೊಳ್ಳುತ್ತದೆ. ಪೂರ್ತಿ ಒಣಗುವ ಮೊದಲು ಪುಸ್ತಕ ಮುಚ್ಚಿದರೆ ಎದುರಿನ ಪುಟಕ್ಕೆ ಅಂಟುತ್ತದೆ. ಮುಖಪುಟಕ್ಕೆ ಬಳಸಿ, ಒಳಗೆ ಬೇಡ. ಚಿನ್ನ, ಬೆಳ್ಳಿ ಪೆನ್ನು ಹಬ್ಬದ ದಿನಕ್ಕೊಂದು ಗೀಟು ಎಳೆಯಲು ಮಾತ್ರ. ಗ್ಲಿಟರ್ ಪೆನ್ನಿನ ಬಗ್ಗೆ ನಾನು ಏನೂ ಹೇಳುವುದಿಲ್ಲ. ಊಟದ ತಟ್ಟೆಯಲ್ಲಿ ಹೊಳೆಯುವ ಪುಡಿ ಕಂಡ ದಿನ ಮನೆಯಿಂದ ಅದನ್ನು ಆಚೆ ಹಾಕಿದೆ.

ಪರ್ಮನೆಂಟ್ ಮಾರ್ಕರ್‌ಗೂ ಒಂದು ಕೆಲಸವಿದೆ. ವಾಶಿ ಟೇಪು (ಅಲಂಕಾರಕ್ಕೆ ಅಂಟಿಸುವ ಬಣ್ಣದ ಕಾಗದದ ಟೇಪು), ನುಣುಪು ಸ್ಟಿಕರ್, ಫೋಟೊ ಇವುಗಳ ಮೇಲೆ ಜೆಲ್ ಪೆನ್ನು ಜಾರುತ್ತದೆ. ಅಲ್ಲಿ ಸಿಡಿ ಮೇಲೆ ಬರೆಯುವ ಸಣ್ಣ ತುದಿಯ ಪರ್ಮನೆಂಟ್ ಮಾರ್ಕರೇ ಬೇಕು. ಹಾಳೆಗೆ ಮಾತ್ರ ತಾಗಿಸಬೇಡಿ. ಆಲ್ಕೋಹಾಲ್ ಇಂಕಿನ ಆರ್ಟ್ ಮಾರ್ಕರ್‌ಗಳೂ ಅಷ್ಟೇ. ಅವು ಹಾಳೆಯ ಎಳೆಯೊಳಗೆ ನುಗ್ಗುವುದಕ್ಕೇ ಹುಟ್ಟಿದವು, ದಪ್ಪ ಹಾಳೆಯನ್ನೂ ದಾಟುತ್ತವೆ.

ಅಳಿಸುವ ಪೆನ್ನು, ಕಾಫಿ ಲೋಟ

ಪ್ಲ್ಯಾನ್ ಬದಲಾಗುತ್ತಲೇ ಇರುತ್ತದೆ, ಹಾಗಾಗಿ ಅಳಿಸಬಹುದಾದ ಜೆಲ್ ಪೆನ್ನು ಒಂದಿದ್ದರೆ ಅನುಕೂಲ. ಪೈಲಟ್ ಫ್ರಿಕ್ಸನ್ ಇದರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು. ಹಿಂದಿನ ಗುಬುಟಿನಿಂದ ಉಜ್ಜಿದರೆ ಬರಹ ಮಾಯ. ಅಲ್ಲಿ ಅಳಿಸುವುದು ರಬ್ಬರಲ್ಲ, ಉಜ್ಜಿದಾಗ ಹುಟ್ಟುವ ಬಿಸಿ. ಸುಮಾರು 60 ಡಿಗ್ರಿ ಸೆಲ್ಸಿಯಸ್ ತಲುಪಿದರೆ ಆ ಇಂಕು ಬಣ್ಣ ಕಳೆದುಕೊಳ್ಳುತ್ತದೆ.

ಬೇಕಾದರೆ ಮಾಡಿ ನೋಡಿ. ಒಂದು ಚೀಟಿಯ ಮೇಲೆ ಬರೆದು ಇಸ್ತ್ರಿಪೆಟ್ಟಿಗೆ ಹಾಯಿಸಿ. ಖಾಲಿ ಚೀಟಿ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ. ಶೂನ್ಯಕ್ಕಿಂತ 10ರಿಂದ 20 ಡಿಗ್ರಿ ಕೆಳಗೆ ಹೋದರೆ ಬರಹ ಮತ್ತೆ ಮೂಡುತ್ತದೆ. ಮಕ್ಕಳಿಗೆ ತೋರಿಸಿದರೆ ಒಂದು ಸಂಜೆ ಆರಾಮಾಗಿ ಕಳೆಯುತ್ತದೆ.

ಇದರಿಂದ ನಮಗೆ ಬೇಕಾದ ಪಾಠ ಬೇರೆ. ತೆರೆದ ಪುಟದ ಮೇಲೆ ಬಿಸಿ ಬಿಸಿ ಕಾಫಿಯ ಸ್ಟೀಲ್ ಲೋಟ ಇಟ್ಟರೆ ಲೋಟದ ತಳದಷ್ಟು ಗುಂಡಗೆ ಬರಹ ಹೋಗಬಹುದು. ಕಲಬುರಗಿ, ರಾಯಚೂರಿನ ಮೇ ತಿಂಗಳ ಬಿಸಿಲಿನಲ್ಲಿ ಮುಚ್ಚಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಪ್ಲ್ಯಾನರ್ ಮರೆತು ಹೋದರೆ ಇಡೀ ವಾರವೇ ಖಾಲಿಯಾದೀತು. ಹಾಗಾಗಿ ಬದಲಾಗುವ ಭೇಟಿ, ಕೆಲಸಗಳಿಗೆ ಮಾತ್ರ ಈ ಪೆನ್ನು. ಮಾತ್ರೆಯ ವಿವರ, ಹಣದ ಲೆಕ್ಕ ಇದರಲ್ಲಿ ಬೇಡ. ಚೆಕ್ಕಿಗಂತೂ ಮುಟ್ಟಿಸಲೇಬೇಡಿ.

ಎಷ್ಟು ಬಣ್ಣ, ಎಲ್ಲಿ ಕೊಳ್ಳುವುದು

ಅಮ್ಮನ ಅಡುಗೆಮನೆಯ ಗೋಡೆ ಕ್ಯಾಲೆಂಡರ್‌ನಲ್ಲಿ ಒಂದೇ ಬಣ್ಣ, ಮೊಳೆಗೆ ದಾರದಲ್ಲಿ ಕಟ್ಟಿದ ನೀಲಿ ಬಾಲ್ ಪೆನ್ನು. ಹಾಲು ಬೇಡ ಅಂದ ದಿನಕ್ಕೆ ಸೊನ್ನೆ. ಸಿಲಿಂಡರ್ ಬದಲಿಸಿದ ದಿನಕ್ಕೆ 'ಗ್ಯಾ'. ಕೆಲಸದವಳು ಬಾರದ ದಿನಕ್ಕೆ ಗುಣಿಸು ಗುರುತು. ಬಣ್ಣ ಆರಿಸುವ ಮೊದಲು ಇಂಥ ಗುರುತುಗಳನ್ನು ಗೊತ್ತು ಮಾಡಿಕೊಳ್ಳಿ. ಗುರುತು ಮಾಡುವ ಕೆಲಸಕ್ಕೆ ಬಣ್ಣ ಬೇಕಿಲ್ಲ ಅಂತ ಆಗ ಗೊತ್ತಾಗುತ್ತದೆ. ಬಣ್ಣ ಬರೀ ಚಂದಕ್ಕೆ ಉಳಿಯುತ್ತದೆ, ಮೂರು ನಾಲ್ಕು ಸಾಕಾಗುತ್ತವೆ.

ನಾನು ಒಂದು ತಿಂಗಳಿಗೆ ಒಂದು ಬೂದು, ಒಂದು ತಂಪು ಬಣ್ಣ, ಒಂದು ಬೆಚ್ಚನೆಯ ಬಣ್ಣ ಅಂತ ಇಟ್ಟುಕೊಳ್ಳುತ್ತೇನೆ. ಶ್ರಾವಣಕ್ಕೆ ಹಸಿರು ಮತ್ತು ಅರಿಶಿನ, ಡಿಸೆಂಬರ್‌ಗೆ ನೀಲಿ ಮತ್ತು ಇಟ್ಟಿಗೆ ಕೆಂಪು, ಹೀಗೆ. ಹಳದಿಯಲ್ಲಿ ಬರೆಯಬೇಡಿ, ರಾತ್ರಿ ಬಲ್ಬಿನ ಬೆಳಕಿನಲ್ಲಿ ಕಾಣುವುದೇ ಇಲ್ಲ. ಕೆಂಪಿನಲ್ಲಿ ಬರೆದರೆ ನನಗೆ ಮೇಷ್ಟ್ರು ತಿದ್ದಿದ ಕಾಪಿ ಪುಸ್ತಕ ನೆನಪಾಗುತ್ತದೆ. ನಿಮಗೆ ಹಾಗಾಗದಿದ್ದರೆ ಧಾರಾಳವಾಗಿ ಬರೆಯಿರಿ.

ಆನ್‌ಲೈನ್‌ನಲ್ಲಿ ಡಬ್ಬಿ ಅಗ್ಗ ಕಾಣುತ್ತದೆ. ನಾನು ತರಿಸಿದ 60 ಬಣ್ಣದ ಡಬ್ಬಿಯಲ್ಲಿ ಖಾಲಿಯಾದವು ಆರು. ಉಳಿದ 54 ಮುಚ್ಚಳದೊಳಗೇ ಒಣಗಿದವು. ಬಿಡಿಬಿಡಿಯಾಗಿ ಕೊಡುವ ಅಂಗಡಿ ಹುಡುಕಿ. ಬೆಂಗಳೂರಿನವರಾದರೆ ಅವೆನ್ಯೂ ರಸ್ತೆ, ಸುಲ್ತಾನ್‌ಪೇಟೆಯ ಕಡೆ ಒಂದು ಸುತ್ತು ಹಾಕಿ. ಪ್ಲ್ಯಾನರ್ ಅನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ. "ಅಣ್ಣಾ, ಇದ್ರಲ್ಲೇ ಒಂದು ಗೀಟು ಎಳೆದು ನೋಡ್ಲಾ?" ಅಂತ ಕೇಳಿದರೆ ಬೇಡ ಅನ್ನುವವರು ಕಡಿಮೆ. ಅಂಗಡಿಯವರು ಕೊಡುವ ಚೀಟಿಯ ಮೇಲೆ ಗೀಚಿ ನಂಬಬೇಡಿ, ಆ ಚೀಟಿಯ ಹಾಳೆಯೇ ಬೇರೆ. ಜಪಾನ್, ಸಿಂಗಪುರದಿಂದ ಬರುವ ನೆಂಟರು ಏನು ತರಲಿ ಅಂತ ಕೇಳಿದರೆ ನಾಚಿಕೊಳ್ಳದೆ ಪೆನ್ನು ಅನ್ನಿ.

ಮೊದಲ ಖರೀದಿಗೆ ನನ್ನ ಪಟ್ಟಿ ಕೇಳಿದರೆ: ಕಪ್ಪು 0.5 ಜೆಲ್ ಎರಡು, ಪಿಗ್ಮೆಂಟ್ ಫೈನ್‌ಲೈನರ್ ಒಂದು, ತಿಳಿ ಬೂದು ಹೈಲೈಟರ್, ನಿಮಗಿಷ್ಟವಾದ ಇನ್ನೆರಡು ತಿಳಿ ಬಣ್ಣ. ಸಣ್ಣ ಬ್ರಷ್ ಪೆನ್ನನ್ನು ಎರಡನೇ ತಿಂಗಳಿಗೆ ಇಟ್ಟುಕೊಳ್ಳಿ.

ತಂದ ಮೇಲೆ

ಎರಡು ತುದಿಯ ಮಾರ್ಕರ್, ಬ್ರಷ್ ಪೆನ್ನು, ಪೇಂಟ್ ಮಾರ್ಕರ್, ಫೈನ್‌ಲೈನರ್ ಇವನ್ನೆಲ್ಲ ಮಲಗಿಸಿ ಇಡಿ. ನಿಲ್ಲಿಸಿದರೆ ಇಂಕು ಒಂದೇ ಕಡೆಗೆ ಇಳಿದು ಮೇಲಿನ ತುದಿ ಒಣಗುತ್ತದೆ. ಜೆಲ್ ಪೆನ್ನು ಮುಚ್ಚಳ ಹಾಕಿ ತುದಿ ಕೆಳಗೆ ಮಾಡಿ ಲೋಟದಲ್ಲಿ ನಿಲ್ಲಿಸಬಹುದು. ಕಿಟಕಿಯ ಬಿಸಿಲು ಯಾವುದಕ್ಕೂ ಬೇಡ. ಮುಚ್ಚಳ ಟಕ್ ಅಂತ ಸದ್ದಾಗುವವರೆಗೆ ಒತ್ತಿ.

ನೀರಿನ ಇಂಕಿನ ಮಾರ್ಕರ್ ಮಂಕಾದರೆ ತುದಿಯನ್ನು ಒಂದು ಹನಿ ನೀರಿಗೆ ತಾಗಿಸಿ, ಮುಚ್ಚಿ, ರಾತ್ರಿ ಮಲಗಿಸಿಡಿ. ಕೆಲವು ದಿನ ಮತ್ತೆ ಓಡುತ್ತದೆ, ಬಣ್ಣ ಇನ್ನಷ್ಟು ತಿಳಿಯಾಗಿ. ಪಿಗ್ಮೆಂಟ್ ಫೈನ್‌ಲೈನರ್‌ಗೆ ಈ ಚಿಕಿತ್ಸೆ ನಡೆಯುವುದಿಲ್ಲ. ಅದರ ತುದಿ ಒಳಗೆ ಹೋಯಿತೆಂದರೆ ಒತ್ತಿ ಬರೆದಿದ್ದೀರಿ ಅಂತ ಅರ್ಥ, ಹೊಸದು ತರಬೇಕು.

ಪೆನ್ನಿನ ಮೇಲೆ ಸಣ್ಣ ಚೀಟಿ ಅಂಟಿಸಿ ಕೊಂಡ ತಿಂಗಳು ಬರೆದಿಡಿ. ಖಾಲಿಯಾದ ದಿನವನ್ನು ಆ ಕೊನೆಯ ಪುಟದಲ್ಲೇ, ಅದರ 'ವರಮಹಾಲಕ್ಷ್ಮಿ'ಯ ಪಕ್ಕ ಗುರುತು ಮಾಡಿ. ಡಿಸೆಂಬರ್‌ನಲ್ಲಿ ಹೊಸ ಪ್ಲ್ಯಾನರ್ ತರಲು ಹೋಗುವಾಗ ಆ ಹಾಳೆಯನ್ನು ಹರಿದು ಜೇಬಿಗೆ ಹಾಕಿಕೊಳ್ಳಿ.